ಹಳೆಯ ಪಿಕಪ್, ಹೊಸ ಜೀತ

ನಮ್ಮ ಹಿರಿಯರು ದನದ ಜಾತ್ರೆಗೆ ಹೋದರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಮೈಮೇಲಿನ ಸುಳಿ ಹುಡುಕುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಹೂಡಿ ನೋಡುತ್ತಿದ್ದರು. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ. ಮೋಸ ಆಗಲೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಣ ಎಣಿಸಿ ಹಗ್ಗ ಕೈಗೆ ಬಂದ ಗಳಿಗೆಯಿಂದ ಎತ್ತು ಕೊಂಡವನದಾಗುತ್ತಿತ್ತು. ಈಗ ಹೆದ್ದಾರಿಯ ಪಕ್ಕದ ಬಯಲುಗಳಲ್ಲಿ ಸಾಲಾಗಿ ನಿಲ್ಲಿಸಿದ ಹಳೆಯ ಪಿಕಪ್ ಗಾಡಿಗಳ ಜಾತ್ರೆ ವರ್ಷವಿಡೀ ನಡೆಯುತ್ತದೆ. ಇಲ್ಲಿಯೂ ದಲ್ಲಾಳಿ ಇದ್ದಾನೆ, ಬೆಲೆ ಇದೆ, ಹಗ್ಗವೂ ಇದೆ. ಆ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂಬುದು ಮಾತ್ರ ಕೊಂಡವನಿಗೆ ಕಾಣುವುದಿಲ್ಲ.

ಕೊಳ್ಳುವವರು ಯಾರು? ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಗಿರಣಿಗಳಲ್ಲಿ ನೂಲು ತೆಗೆದವರ ಮಕ್ಕಳು ಇಂದು ಅಕ್ಕಿ ಗಿರಣಿಯಲ್ಲಿದ್ದಾರೆ, ಮಂಡಕ್ಕಿ ಭಟ್ಟಿಯಲ್ಲಿದ್ದಾರೆ, ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ, ತರಕಾರಿ ಮಾರುತ್ತಾರೆ. ಇವರಿಗೆ ವೇದಿಕೆಯ ಮೇಲಿಂದ ಒಂದೇ ಉಪದೇಶ: 'ಕೂಲಿಗೆ ಯಾಕೆ ಕೈಯೊಡ್ಡುತ್ತೀರಿ? ಸ್ವಂತ ಉದ್ಯೋಗ ಮಾಡಿ, ಯಜಮಾನರಾಗಿ.' ಯಜಮಾನನಾಗಲು ಅತ್ಯಂತ ಅಗ್ಗದ ದಾರಿಯೆಂದರೆ ಒಂದು ಹಳೆಯ ಗಾಡಿ. 2005ರಲ್ಲಿ ಟಾಟಾ ಏಸ್ ರಸ್ತೆಗಿಳಿದಾಗ ಜನ ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು. ಎರಡು ಸಿಲಿಂಡರಿನ ಆ ಪುಟ್ಟ ಗಾಡಿ ಮುಕ್ಕಾಲು ಟನ್ನು ಹೊರುತ್ತಿತ್ತು, ಓಣಿಯೊಳಗೂ ನುಗ್ಗುತ್ತಿತ್ತು. ಅದರ ಜೊತೆಗೆ ಬೊಲೆರೊ ಪಿಕಪ್, 2011ರಿಂದ ಅಶೋಕ್ ಲೇಲ್ಯಾಂಡಿನ ದೋಸ್ತ್. ಮೊದಲ ಒಡೆಯ ಐದಾರು ವರ್ಷ ದುಡಿಸಿ ಬಿಟ್ಟ ಗಾಡಿಗಳು ಎರಡನೆಯ, ಮೂರನೆಯ ಕೈಗೆ ಇಳಿಯುತ್ತಾ ಕಡೆಗೆ ನಮ್ಮವರ ಬಾಗಿಲಿಗೆ ಬರುತ್ತವೆ.

ಇದನ್ನು ಬರೆಯುತ್ತೇನೆಂದಾಗ ನಮ್ಮ ಪಕ್ಷದವರೇ ಒಬ್ಬರು ಮೂಗು ಮುರಿದರು. 'ಗಾಡಿ ಕೊಂಡವನು ಮಾಲೀಕ. ಮಾಲೀಕನ ಲಾಭನಷ್ಟ ಕಾರ್ಮಿಕರ ಪತ್ರಿಕೆಗೆ ಯಾಕೆ?' ಎಂದರು. ಈ ಮಾತಿಗೆ ಉತ್ತರ ಕೊಡಲೇಬೇಕು. ಬೆಳಗಿನ ನಾಲ್ಕಕ್ಕೆ ಎದ್ದು ಎ.ಪಿ.ಎಂ.ಸಿ. ಅಂಗಳಕ್ಕೆ ಹೋಗಿ, ತಾನೇ ಮೂಟೆಗೆ ಹೆಗಲು ಕೊಟ್ಟು, ತಾನೇ ಚಕ್ರ ಹಿಡಿದು, ರಾತ್ರಿ ಹತ್ತಕ್ಕೆ ಮನೆಗೆ ಬರುವವನು ಮಾಲೀಕನೆ? ಗಿರಣಿಯ ಕೂಲಿಗೆ ಎಂಟು ತಾಸಿನ ಗಡಿ ಇದೆ, ಭವಿಷ್ಯನಿಧಿ ಇದೆ. ಅವನ್ನು ಕೊಡದಿದ್ದರೆ ಕೇಳಲು ಸಂಘವಿದೆ. ಈ 'ಮಾಲೀಕ'ನಿಗೆ ಇವುಗಳಲ್ಲಿ ಯಾವುದಿದೆ? ಅವನ ಕೂಲಿಯನ್ನು ನಿರ್ಧರಿಸುವವನು ಬಾಡಿಗೆ ಕೊಡುವ ಮಂಡಿ ಸಾಹುಕಾರ. ಅವನ ಕೆಲಸದ ವೇಳೆಯನ್ನು ನಿರ್ಧರಿಸುವುದು ತಿಂಗಳ ಕಂತು. ಗಾಡಿಯ ಮೇಲೆ ಅವನ ಮಗಳ ಹೆಸರು ಬರೆದಿದೆ ಎಂಬ ಮಾತ್ರಕ್ಕೆ ಅವನನ್ನು ಬಂಡವಾಳಗಾರರ ಸಾಲಿಗೆ ಸೇರಿಸುವುದು ಪುಸ್ತಕದ ಪಾಂಡಿತ್ಯವಾದೀತು, ಸಮಾಜವಾದವಾಗುವುದಿಲ್ಲ.

ಶಾಲೆಯಲ್ಲಿ ನನ್ನ ಮುಂದೆ ಕೂತು ಮಗ್ಗಿ ಹೇಳುತ್ತಿದ್ದ ಹುಡುಗನೊಬ್ಬ ಹೀಗೆ ಒಂದು ಪಿಕಪ್ ಕೊಂಡ. ಅಪ್ಪನಿಗೆ ಕೆಲಸ ಬಿಡುವಾಗ ಬಂದ ಹಣದಲ್ಲಿ 1,20,000 ರೂಪಾಯಿ ದಲ್ಲಾಳಿಯ ಕೈಗಿಟ್ಟ. ಗಾಡಿಯ ಮೇಲೆ ಹಿಂದಿನವನ ಸಾಲ ಬಾಕಿ ಇತ್ತು. 'ಉಳಿದ ಕಂತು ನನಗೆ ಕೊಡುತ್ತಾ ಬಾ, ನಾನು ಕಟ್ಟುತ್ತೇನೆ, ಸಾಲ ತೀರಿದ ಮೇಲೆ ಆರ್.ಸಿ. ನಿನ್ನ ಹೆಸರಿಗೆ' ಎಂದ ದಲ್ಲಾಳಿ. ಹದಿನಾಲ್ಕು ತಿಂಗಳು ಹುಡುಗ ಒಂದು ದಿನವೂ ತಪ್ಪದೆ ಕೊಟ್ಟ. ದಲ್ಲಾಳಿ ಕೊನೆಯ ಐದು ತಿಂಗಳು ಕಟ್ಟಲಿಲ್ಲ. ಒಂದು ಮುಂಜಾನೆ ಟೊಮೆಟೊ ತುಂಬಿದ ಗಾಡಿಯನ್ನು ರಸ್ತೆಯಲ್ಲೇ ಅಡ್ಡಗಟ್ಟಿ ಸೀಜ್ ಮಾಡಿಕೊಂಡು ಹೋದರು. ಹುಡುಗ ನನ್ನ ಮನೆಗೆ ಬಂದು ಜಗುಲಿಯ ಮೇಲೆ ಕೂತು ಹೇಳಿದ್ದು ಒಂದೇ ಮಾತು: 'ಮೇಷ್ಟ್ರೇ, ಗಾಡಿ ನಂದಲ್ಲಂತ್ರೀ.'

ಕಾಗದದ ಪ್ರಕಾರ ಅದು ಅವನದಲ್ಲ, ನಿಜ. ಹಾಗಾದರೆ ಹದಿನಾಲ್ಕು ತಿಂಗಳು ಅವನು ದುಡಿದದ್ದು ಯಾರಿಗಾಗಿ? ಈ ಪ್ರಶ್ನೆಗೆ ಯಾವ ಕಚೇರಿಯಲ್ಲೂ ಉತ್ತರವಿಲ್ಲ. ಅದಕ್ಕೇ ಹೇಳುತ್ತೇನೆ, ಹಳೆಯ ಗಾಡಿ ಕೊಳ್ಳುವವನು ಮೊದಲು ಸಾಲ ನೋಡಬೇಕು, ಆಮೇಲೆ ಕಾಗದ, ಕೊನೆಗೆ ಕಬ್ಬಿಣ. ನಮ್ಮವರು ಇದನ್ನು ತಲೆಕೆಳಗು ಮಾಡುತ್ತಾರೆ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಅರ್ಧ ದಿನ ಕಳೆದವರು, ಕಾಗದಕ್ಕೆ ಸಹಿ ಹಾಕಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಾರೆ.

ಕಬ್ಬಿಣದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ಸುಲಭ, ಅದಕ್ಕೆ ಊರಿನಲ್ಲಿ ಬಲ್ಲವರಿದ್ದಾರೆ. ಮಾರುವವನ ಗ್ಯಾರೇಜಿಗೆ ಹೋಗಬೇಡಿ, ನಿಮ್ಮ ಮೇಸ್ತ್ರಿಯನ್ನು ಕರೆದೊಯ್ಯಿರಿ. ಮೇಸ್ತ್ರಿಗೆ ಕೊಡುವ ಐನೂರು ರೂಪಾಯಿಗೆ ಲೆಕ್ಕ ನೋಡಬೇಡಿ. ಗಾಡಿ ತಣ್ಣಗಿರುವಾಗ ಬೆಳಿಗ್ಗೆ ಹೋಗಿ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸಾಕ್ಷಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಒಳಗಿನಿಂದ ಹೊಗೆ ಬುಸುಗುಟ್ಟಿದರೆ ರಿಂಗು, ಪಿಸ್ಟನ್ನು ಸವೆದಿವೆ. ಕಮಾನು ಪಟ್ಟಿ ಎಣಿಸಿ. ಕಂಪೆನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಸೇರಿಸಿದ್ದರೆ ಆ ಗಾಡಿ ಒಂದು ಟನ್ನಿನ ಜಾಗದಲ್ಲಿ ಎರಡು ಟನ್ನು ಹೊತ್ತಿದೆ ಎಂದೇ ತಿಳಿಯಿರಿ. ಗಾಡಿಯ ಕೆಳಗೆ ಮಲಗಿ ಚಾಸಿಯ ಉದ್ದಕ್ಕೂ ಟಾರ್ಚು ಹಿಡಿಯಿರಿ. ಬೆಸುಗೆಯ ಗುರುತು, ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಎದ್ದು ಬನ್ನಿ. ಟೈರು ಒಂದೇ ಬದಿ ಸವೆದಿದ್ದರೆ ಮುಂದಿನ ಆಕ್ಸೆಲ್ಲೋ ಚಾಸಿಯೋ ಬಾಗಿರಬಹುದು. ಕಿಲೋಮೀಟರ್ ಲೆಕ್ಕ ತೋರಿಸುವ ಮೀಟರನ್ನು ನಂಬಬೇಡಿ. ಅದನ್ನು ತಿರುಗಿಸುವ ಕಲೆ ಎಲ್ಲ ಊರಿಗೂ ಬಂದಿದೆ. ಮೀಟರಿನಲ್ಲಿ ನಲವತ್ತು ಸಾವಿರವಿದ್ದು ಕ್ಲಚ್ಚಿನ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ ಪೆಡಲಿನ ಮಾತನ್ನೇ ನಂಬಿ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಯಾದರೆ ಹೊಗೆ ಶುದ್ಧಮಾಡುವ ಸಲಕರಣೆ ಕಳಚಿಲ್ಲವೆಂದು, ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿಲ್ಲವೆಂದು ನೋಡಿ. ಆ ರಿಪೇರಿ ಮರದ ಕೆಳಗಿನ ಗ್ಯಾರೇಜಿನಲ್ಲಿ ಆಗುವುದಿಲ್ಲ.

ಇಷ್ಟೆಲ್ಲ ತಪ್ಪಿದರೂ ಕಬ್ಬಿಣಕ್ಕೆ ಮದ್ದಿದೆ. ಎಂಜಿನ್ ಇಳಿಸಿ ಬೋರು ಮಾಡಿಸಬಹುದು. ಕಾಗದಕ್ಕೆ ಆ ಮದ್ದಿಲ್ಲ.

ಚಾಸಿ ನಂಬರನ್ನು ಆರ್.ಸಿ.ಯೊಂದಿಗೆ ನೀವೇ ಹೋಲಿಸಿ. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕೆ ಮೂಡುತ್ತದೆ. ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ, ಅದನ್ನು ನಮ್ಮವರು ಎಚ್.ಪಿ. ಎನ್ನುತ್ತಾರೆ, ಅವರ ಲಿಖಿತ ಒಪ್ಪಿಗೆ ಇಲ್ಲದೆ ಗಾಡಿ ಯಾರ ಹೆಸರಿಗೂ ವರ್ಗವಾಗದು. ಇದು 1988ರ ಮೋಟಾರು ವಾಹನ ಕಾಯಿದೆಯ 51ನೆಯ ಕಲಮು. ಸಾಲ ತೀರಿದ್ದರೆ ಅವರು ಫಾರಂ 35ಕ್ಕೆ ಸಹಿ ಹಾಕಬೇಕು. 'ಸಾಲ ತೀರಿದೆ, ಕಾಗದ ಮಾತ್ರ ಬರಬೇಕು' ಎನ್ನುವವನಿಗೆ ನಿಮ್ಮ ಹಣವೂ 'ಮಾತ್ರ ಬರಬೇಕು' ಎನ್ನಿ. ಸಾಲ ಉಳಿದಿದ್ದರೆ ಬಾಕಿಯನ್ನು ನೇರವಾಗಿ ಸಾಲ ಕೊಟ್ಟವರ ಕಚೇರಿಯಲ್ಲೇ ಕಟ್ಟಿ ರಶೀದಿ ಪಡೆಯಿರಿ, ಮಿಕ್ಕಿದ್ದನ್ನು ಮಾರುವವನಿಗೆ ಕೊಡಿ. ದಲ್ಲಾಳಿಯ ಕೈಗೆ ಕಂತು ಕೊಡುವುದೆಂದರೆ ಬೆಕ್ಕಿನ ಕೈಗೆ ಹಾಲಿನ ಗಡಿಗೆ ಕೊಟ್ಟಂತೆ.

ಎಫ್.ಸಿ. ಯಾವಾಗಿನವರೆಗೆ ಇದೆ ನೋಡಿ. ಬಾಡಿಗೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಅದು ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್.ಸಿ. ಮುಗಿಯುವ ಹಿಂದಿನ ತಿಂಗಳು ಮಾರಾಟಕ್ಕೆ ಬಂದ ಗಾಡಿಯಲ್ಲಿ ಸಾಮಾನ್ಯವಾಗಿ ಏನೋ ಇರುತ್ತದೆ. ಗಾಡಿ ನಂಬರಿನ ಮೇಲೆ ಬಾಕಿ ಇರುವ ದಂಡಗಳನ್ನು ಮೊಬೈಲಿನಲ್ಲೇ ನೋಡಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಎರಡು ನಿಮಿಷದ ಕೆಲಸ. ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕವನ್ನೂ ಗಮನಿಸಿ. ಗಾಡಿ ಮತ್ತು ಸರಕು ಸೇರಿ 3,000 ಕಿಲೋ ಮೀರದಿದ್ದರೆ ಪರ್ಮಿಟ್ಟು ಬೇಡ, ಮೀರಿದರೆ ಬೇಕು. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಈ ಗೆರೆ ದಾಟುತ್ತವೆ. ಚಾಲಕನ ಲೈಸೆನ್ಸಿನ ಬಗ್ಗೆ ಮಾತ್ರ ಒಂದು ನೆಮ್ಮದಿ. ಲಘು ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋದೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಇನ್ನು ಮಾರುವವರಿಗೂ ಒಂದು ಮಾತು. ಮಾರುವವರಲ್ಲಿಯೂ ಅರ್ಧ ಜನ ನಮ್ಮವರೇ. ಕಂತು ಕಟ್ಟಲಾಗದೆ, ಮೈಯಲ್ಲಿ ಶಕ್ತಿಯಿಲ್ಲದೆ ಗಾಡಿ ಮಾರುವ ಚಾಲಕ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ದಲ್ಲಾಳಿಗೆ ಕೊಟ್ಟು, ಪೀಡೆ ಕಳೆಯಿತೆಂದು ಮನೆಗೆ ಹೋಗುತ್ತಾನೆ. ದಲ್ಲಾಳಿ ಅದೇ ಸಹಿಯ ಮೇಲೆ ಮೂರು ಜನರಿಗೆ ಗಾಡಿ ದಾಟಿಸುತ್ತಾನೆ. ಎಲ್ಲೋ ಅಪಘಾತವಾಗುತ್ತದೆ, ವಿಮೆ ಇರುವುದಿಲ್ಲ. ಪರಿಹಾರ ಯಾರು ಕೊಡಬೇಕು? 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ದಾಟಿದ್ದರೂ ಸರಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಅವನೇ ಹೊಣೆ. ಎಂಥ ವಿಪರೀತ ನೋಡಿ! ಕೊಂಡವನು ದುಡಿಯುತ್ತಾನೆ, ಗಾಡಿ ಅವನದಲ್ಲ. ಮಾರಿದವನು ಮರೆತಿದ್ದಾನೆ, ಹೊಣೆ ಅವನದು. ನಡುವೆ ಎರಡೂ ಕಡೆ ಕಮಿಷನ್ ಎಣಿಸಿಕೊಂಡವನ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಮಾರಿದವನು ರಾಜ್ಯದೊಳಗೆ 14 ದಿನದಲ್ಲಿ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು, ಕೊಂಡವನು 30 ದಿನದಲ್ಲಿ. ಇಬ್ಬರೂ ಒಟ್ಟಿಗೆ ಹೋಗಿ ಅಂದೇ ಮುಗಿಸಿದರೆ ಒಂದು ದಿನದ ಕೂಲಿ ಹೋಗುತ್ತದೆ. ಹೋಗದಿದ್ದರೆ ಮನೆಯೇ ಹೋಗಬಹುದು.

ಈಗ ಸಾಲಕ್ಕೆ ಬರೋಣ. ನಿಜವಾದ ಸುಳಿ ಇರುವುದು ಇಲ್ಲಿ.

'ಬರೀ ನೂರಕ್ಕೆ ಹನ್ನೆರಡು' ಎನ್ನುತ್ತಾನೆ ಫೈನಾನ್ಸಿನ ಏಜೆಂಟು. ವರ್ಷಕ್ಕೆ ಹನ್ನೆರಡೆಂದರೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ನಮ್ಮ ಕೈಸಾಲದವರು ಮೂರು, ಐದು ಕೇಳುವಾಗ ಇದು ದೇವರು ಕೊಟ್ಟ ವರದಂತೆ ಕಾಣುತ್ತದೆ. ಸ್ಲೇಟು ತೆಗೆದುಕೊಳ್ಳಿ, ಲೆಕ್ಕ ಮಾಡೋಣ. ಮೂರು ಲಕ್ಷ ಸಾಲ, ಮೂರು ವರ್ಷ. ಬಡ್ಡಿ 1,08,000. ಒಟ್ಟು 4,08,000. ಇದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 11,333 ರೂಪಾಯಿ ಕಂತು. ಲೆಕ್ಕ ಸರಿ ಇದೆಯಲ್ಲವೆ? ಇಲ್ಲ. ನೀವು ಪ್ರತಿ ತಿಂಗಳೂ ಅಸಲಿನಲ್ಲಿ 8,333 ತೀರಿಸುತ್ತಿದ್ದೀರಿ. ವರ್ಷ ಕಳೆದ ಮೇಲೆ ನಿಮ್ಮ ಬಳಿ ಉಳಿದ ಅವರ ಹಣ ಎರಡು ಲಕ್ಷ ಮಾತ್ರ. ಕೊನೆಯ ತಿಂಗಳಿನಲ್ಲಿ ಉಳಿದಿರುವುದು ಬರೀ 8,333. ಆದರೂ ಬಡ್ಡಿಯನ್ನು ಮೊದಲ ದಿನದ ಮೂರು ಲಕ್ಷಕ್ಕೇ ಕಟ್ಟುತ್ತಿದ್ದೀರಿ, ತಿಂಗಳಿಗೆ ಮೂರು ಸಾವಿರ. ಎಂಟು ಸಾವಿರ ಚಿಲ್ಲರೆ ಅಸಲಿಗೆ ಮೂರು ಸಾವಿರ ಬಡ್ಡಿ! ಇದನ್ನು ಅವರ ಭಾಷೆಯಲ್ಲಿ ಫ್ಲಾಟ್ ರೇಟ್ ಎನ್ನುತ್ತಾರೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಎಂದು ಲೆಕ್ಕ ಹಾಕಿದರೆ ಈ 'ಹನ್ನೆರಡು' ವಾಸ್ತವವಾಗಿ 21ನ್ನು ದಾಟುತ್ತದೆ. ನಿಜಕ್ಕೂ ಹನ್ನೆರಡೇ ಆಗಿದ್ದರೆ ಕಂತು 9,964 ಆಗಬೇಕಿತ್ತು, ಮೂರು ವರ್ಷದ ಬಡ್ಡಿ ಸುಮಾರು 58,700ಕ್ಕೆ ನಿಲ್ಲಬೇಕಿತ್ತು. ಮಿಕ್ಕ 49 ಸಾವಿರ ಒಂದು ಇಂಗ್ಲಿಷ್ ಪದದ ಬೆಲೆ.

11,333ನ್ನು ತಿಂಗಳಿನ 26 ದುಡಿಮೆಯ ದಿನಗಳಿಗೆ ಹಂಚಿ. ದಿನಕ್ಕೆ 436 ರೂಪಾಯಿ. ಡೀಸೆಲ್ಲಿನ ಒಂದು ಹನಿ ಸುಡುವ ಮೊದಲೇ ಇಷ್ಟು ಬಾಕಿ. ಇದರ ಮೇಲೆ ವಿಮೆ. 2022ರಲ್ಲಿ ನಿಗದಿ ಮಾಡಿದ ದರದಂತೆ 7,500 ಕಿಲೋವರೆಗಿನ ಸರಕು ಗಾಡಿಯ ಕಡ್ಡಾಯ ವಿಮೆ ವರ್ಷಕ್ಕೆ 16,049 ರೂಪಾಯಿ, ತೆರಿಗೆ ಬೇರೆ. ಮುಕ್ಕಾಲು ಟನ್ನು ಹೊರುವ ಛೋಟಾ ಹಾಥಿಗೂ ಅದೇ, ಅದರ ನಾಲ್ಕೈದು ಪಟ್ಟು ತೂಗುವ ಗಾಡಿಗೂ ಅದೇ. ದೊಡ್ಡವನಿಗೂ ಚಿಕ್ಕವನಿಗೂ ಒಂದೇ ದರವೆಂಬ ಈ ಸಮಾನತೆ ನಮ್ಮ ಸರ್ಕಾರಗಳಿಗೆ ಬಹಳ ಪ್ರಿಯ. ಟೈರು, ಎಫ್.ಸಿ., ಪೊಲೀಸಿನವರ ಚಹಾ, ಇವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈ ಹೊರೆ ತೂಗಿಸಲು ಚಾಲಕ ಏನು ಮಾಡುತ್ತಾನೆ? ಹೆಚ್ಚು ಸರಕು ಹೇರುತ್ತಾನೆ. ಕಮಾನು ಪಟ್ಟಿ ಸೇರಿಸುತ್ತಾನೆ. ಹೆಚ್ಚು ಹೇರಿದವನಿಗೆ 2019ರ ತಿದ್ದುಪಡಿಯ ಕಾಯಿದೆ ವಿಧಿಸಿದ ದಂಡ 20,000, ಮೇಲೆ ಟನ್ನಿಗೆ ಎರಡು ಸಾವಿರದಂತೆ. ಸರಕು ಹೇರಿಸಿದ ಮಂಡಿಯವನು ಗಾದಿಯ ಮೇಲೆ ಕೂತೇ ಇರುತ್ತಾನೆ.

'ಓದಿ ನೋಡಿ ಸಹಿ ಹಾಕಬೇಕಿತ್ತು, ಯಾರು ಬೇಡ ಎಂದಿದ್ದರು?' ಎಂದು ಬುದ್ಧಿವಂತರು ಕೇಳುತ್ತಾರೆ. ಕೊಳ್ಳುವವನೇ ಎಚ್ಚರವಾಗಿರಬೇಕಂತೆ. ಸ್ವಾಮಿ, ಇಪ್ಪತ್ತು ಮೂವತ್ತು ಪುಟದ ಇಂಗ್ಲಿಷ್ ಒಪ್ಪಂದವನ್ನು ಏಜೆಂಟು ಬಾನೆಟ್ಟಿನ ಮೇಲೆ ಹರಡಿ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡಿಸುತ್ತಾನೆ. ಅದನ್ನು ಈ ಬುದ್ಧಿವಂತರೇ ಓದಿ ಅರ್ಥ ಹೇಳಲಿ, ನೋಡೋಣ. ಲೋಹಿಯಾ ಅವರು ಇಂಗ್ಲಿಷಿನ ಆಳ್ವಿಕೆ ಹೋಗಬೇಕೆಂದು ಹಟ ಹಿಡಿದಾಗ ನಕ್ಕವರು ಬಹಳ ಜನ. ಜನರಿಗೆ ತಿಳಿಯದ ಭಾಷೆಯಲ್ಲಿ ಬರೆದ ಕಾಗದ ಜನರ ಕೊರಳಿಗೆ ಹೇಗೆ ಉರುಳಾಗುತ್ತದೆಂದು ನೋಡಬೇಕಾದರೆ ಈ ಒಪ್ಪಂದದ ಒಂದು ಪ್ರತಿ ಸಾಕು.

ಹಾಗೆಂದು ಕಾನೂನು ಪೂರ್ತಿ ಕುರುಡಲ್ಲ. 2024ರ ಅಕ್ಟೋಬರ್ 1ರಿಂದ ಜನಸಾಮಾನ್ಯರಿಗೂ ಸಣ್ಣ ಉದ್ಯಮಿಗಳಿಗೂ ಕಂತಿನ ಸಾಲ ಕೊಡುವ ಪ್ರತಿಯೊಂದು ಬ್ಯಾಂಕು, ಫೈನಾನ್ಸ್ ಕಂಪೆನಿ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಸಾಲದ ಮುಖ್ಯಾಂಶಗಳ ಪಟ್ಟಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲ ಖರ್ಚು ಸೇರಿ ವರ್ಷದ ನಿಜವಾದ ಬಡ್ಡಿದರ ಎಷ್ಟೆಂದು ಅದರಲ್ಲಿ ಬರೆದಿರಬೇಕು. ಆ ಪಟ್ಟಿ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಂದರೆ ನಮಗೆ ಕನ್ನಡದಲ್ಲಿ. ಕೇಳಿದವರೆಷ್ಟು ಜನ? ಕೇಳಬೇಕೆಂದು ಗೊತ್ತಿದ್ದವರೆಷ್ಟು ಜನ? ಸಾಲಮೇಳ ನಡೆಸಿ ಫೋಟೋ ತೆಗೆಸಿಕೊಳ್ಳುವ ಜನಪ್ರತಿನಿಧಿಗಳು ಈ ಒಂದು ಸಾಲನ್ನು ಊರಿನ ಗೋಡೆಗಳ ಮೇಲೆ ಬರೆಸಿದ್ದರೆ ಸಾಕಿತ್ತು.

ಸೀಜ್ ಮಾಡುವ ಹುಡುಗರ ವಿಷಯ. ಅವರೂ ಕೂಲಿಯವರೇ, ಗಾಡಿಗಿಷ್ಟೆಂದು ಸಿಗುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಳುಹಿಸಿದವರ ಮೇಲಿದೆ. ಸಾಲ ವಸೂಲಿಗೆ ರೌಡಿಗಳನ್ನು ಬಿಡಬಾರದೆಂದು ಸುಪ್ರೀಂ ಕೋರ್ಟು 2007ರಲ್ಲೇ ಛೀಮಾರಿ ಹಾಕಿತು. ಬೆಳಗಿನ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಯವರು ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿತು. ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಸಣ್ಣ ಸಾಲಗಾರರಿಗೆ ಕಿರುಕುಳ ಕೊಡುವುದರ ವಿರುದ್ಧ ಒಂದು ಕಾನೂನನ್ನೇ ತಂದಿತು. ಡಂಗುರ ಜೋರಾಗಿಯೇ ಬಾರಿಸಿದರು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಫೈನಾನ್ಸ್ ಕಂಪೆನಿಗಳು ಅದರ ಹೊರಗೆ. ಗಾಡಿಗೆ ಸಾಲ ಕೊಡುವ ದೊಡ್ಡ ಕುಳಗಳೆಲ್ಲ ನೋಂದಾಯಿಸಿದವರೇ. ಸಣ್ಣ ಮೀನಿಗೆ ಬಲೆ, ಮೊಸಳೆಗೆ ದಾರಿ.

ಬ್ಯಾಂಕುಗಳ ಕಥೆಯನ್ನೂ ಹೇಳಬೇಕು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದಾಗ ಸಣ್ಣವನಿಗೂ ಸಾಲ ಸಿಗುತ್ತದೆಂದು ಬಡವರು ನಂಬಿದರು. 2015ರಲ್ಲಿ ಮುದ್ರಾ ಯೋಜನೆ ಬಂತು, ಆಗ ಅಡಮಾನವಿಲ್ಲದೆ ಹತ್ತು ಲಕ್ಷದವರೆಗೆ. ಸರಕು ಗಾಡಿ ಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿದೆ. ಆದರೆ ಹೊಸ ಗಾಡಿಯ ಕೊಟೇಶನ್ ಹಿಡಿದು ಹೋದವನಿಗೆ ಕುರ್ಚಿ ಹಾಕುವ ಮ್ಯಾನೇಜರು, ಆರು ವರ್ಷದ ಹಳೆಯ ಪಿಕಪ್ ಎಂದೊಡನೆ ಕನ್ನಡಕ ಕೆಳಗಿಳಿಸುತ್ತಾನೆ. ಹೊಸ ಗಾಡಿ ಕೊಳ್ಳುವ ಶಕ್ತಿಯಿದ್ದವನಿಗೆ ಅಗ್ಗದ ಸಾಲ, ಹಳೆಯದಕ್ಕಷ್ಟೇ ಕೈ ಎಟಕುವವನಿಗೆ ದುಬಾರಿ ಸಾಲ. ಹಳೆಯ ಗಾಡಿ ಕೈಕೊಟ್ಟೀತು, ಅದಕ್ಕೆ ಬಡ್ಡಿ ಹೆಚ್ಚು ಎನ್ನುತ್ತಾರೆ. ಸರಿ, ಆ ಅಪಾಯವನ್ನು ಕಡಿಮೆ ಮಾಡಲು ಸರ್ಕಾರ ಏನು ಮಾಡಿದೆ? ಪ್ರತಿ ಎಫ್.ಸಿ.ಗೆ ಗಾಡಿಯ ಪರೀಕ್ಷೆ ನಡೆಯುವುದು ಸರ್ಕಾರದ ನಿಯಮದಂತೆ. ಆ ಪರೀಕ್ಷೆಯಲ್ಲಿ ಬ್ರೇಕು, ಚಾಸಿ, ಮೀಟರು ಏನು ಹೇಳಿದವೋ ಅದನ್ನು ಕೊಳ್ಳುವವನಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಟ್ಟರೆ ದಲ್ಲಾಳಿಯ ಅರ್ಧ ಅಂಗಡಿ ಅಂದೇ ಮುಚ್ಚುತ್ತದೆ. ಅದಕ್ಕೇ ಅದು ಆಗುವುದಿಲ್ಲ. ಆಗಬೇಕೆಂದು ನಾವು ಆರ್.ಟಿ.ಓ. ಕಚೇರಿಯ ಮುಂದೆ ಕೂರಬೇಕಾಗುತ್ತದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಒಬ್ಬೊಬ್ಬನೇ ಬಯಲಿಗೆ ಹೋದರೆ ದಲ್ಲಾಳಿಗೆ ಹಬ್ಬ. ಹತ್ತು ಜನ ಸೇರಿ ಒಬ್ಬ ಮೇಸ್ತ್ರಿಯನ್ನು, ಕಾಗದ ಬಲ್ಲ ಒಬ್ಬನನ್ನು ಗೊತ್ತುಮಾಡಿಕೊಂಡರೆ ಆಟ ಬದಲಾಗುತ್ತದೆ. ಚಾಲಕರ ಸಹಕಾರ ಸಂಘವೊಂದು ಸೇರಿ ಬಾಡಿಗೆಗೆ ಕೆಳಮಿತಿ ಹಾಕಿದರೆ ಮಂಡಿಯವನೂ ಮಾತಿಗೆ ಬರುತ್ತಾನೆ. ಸಣ್ಣ ವರ್ತಕರು ಇದಕ್ಕೆ ಹೆದರುವ ಕಾರಣವಿಲ್ಲ. ನಾಲ್ವರು ತರಕಾರಿಯವರು ಸೇರಿ ಒಂದು ಗಾಡಿ ಕೊಂಡು ಸರದಿಯಂತೆ ಬಳಸಿದರೆ 436 ರೂಪಾಯಿ ತಲೆಗೆ 109 ಆಗುತ್ತದೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ನಾನು ಪತ್ರಿಕೆಯ ಕಚೇರಿಯಲ್ಲಿರುತ್ತೇನೆ. ಗಾಡಿ ಕೊಳ್ಳಬೇಕೆಂದಿರುವವರು, ಕೊಂಡು ಸಿಕ್ಕಿಬಿದ್ದವರು, ಖಾಲಿ ಫಾರಂಗೆ ಸಹಿ ಹಾಕಿ ಮಾರಿದವರು ಬನ್ನಿ. ಆರ್.ಸಿ., ಸಾಲದ ಒಪ್ಪಂದ, ಕಂತಿನ ರಶೀದಿ, ಏನಿದೆಯೋ ಅದರ ನಕಲು ತನ್ನಿ. ಕನ್ನಡದ ಮುಖ್ಯಾಂಶ ಪಟ್ಟಿ ಕೊಡಿರೆಂದು ಫೈನಾನ್ಸಿನವರಿಗೆ ಬರೆಯುವ ಅರ್ಜಿಯ ಮಾದರಿ ಸಿದ್ಧವಿದೆ. ಗಾಡಿಯಲ್ಲೇ ಬರುವವರು ಒಂದು ತೆಳು ಕಾಗದವನ್ನೂ ಪೆನ್ಸಿಲನ್ನೂ ಜೇಬಿನಲ್ಲಿಟ್ಟುಕೊಂಡು ಬನ್ನಿ, ಚಾಸಿ ನಂಬರು ಅಲ್ಲೇ ಉಜ್ಜಿ ನೋಡೋಣ.